ರ‍್ಯಾಬಿಟ್, ರನ್

ಅಮೆರಿಕದ ಲೇಖಕ ಜಾನ್ ಅಪ್‌ಡೈಕ್ (1932–2009) ಬರೆದ ಎರಡನೆಯ ಕಾದಂಬರಿ. 1960ರ ನವೆಂಬರಿನಲ್ಲಿ ನ್ಯೂಯಾರ್ಕಿನ ಆಲ್‌ಫ್ರೆಡ್ ಎ. ನಾಫ್ ಸಂಸ್ಥೆ ಇದನ್ನು ಪ್ರಕಟಿಸಿತು. ನಾಯಕ ಹ್ಯಾರಿ ಆಂಗ್‌ಸ್ಟ್ರಾಂ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡಿ ಊರಿಗೆಲ್ಲ ಹೆಸರಾಗಿದ್ದವನು. ಇಪ್ಪತ್ತಾರನೆಯ ವಯಸ್ಸಿಗೆ ಅಂಗಡಿಗಳಲ್ಲಿ ನಿಂತು ತರಕಾರಿ ಸಿಪ್ಪೆ ಹೆರೆಯುವ ಸಾಧನವೊಂದನ್ನು ಗಿರಾಕಿಗಳಿಗೆ ತೋರಿಸಿ ಮಾರುತ್ತಿದ್ದಾನೆ. ರ‍್ಯಾಬಿಟ್ ಎಂಬುದು ಅವನಿಗೆ ಅಂಟಿಕೊಂಡ ಅಡ್ಡಹೆಸರು. ಒಂದು ಸಂಜೆ ಅವನು ಬಸುರಿ ಹೆಂಡತಿಯನ್ನೂ ಪುಟ್ಟ ಮಗನನ್ನೂ ಬಿಟ್ಟು ಹೊರಟುಬಿಡುತ್ತಾನೆ. ಅಲ್ಲಿಂದ ಮುಂದೆ ಸುಮಾರು ಮೂರು ತಿಂಗಳಲ್ಲಿ ನಡೆಯುವುದೇ ಕಥೆ.

ಸಂಸಾರ ಬಿಟ್ಟೋಡುವ ಗಂಡಸಿನ ಕಥೆಗಳು ಎಲ್ಲ ಭಾಷೆಗಳಲ್ಲೂ ಇವೆ. ಅವುಗಳಲ್ಲಿ ಹೆಚ್ಚಿನವು ಓಡುವವನ ಬೆನ್ನು ಹತ್ತಿ ಹೋಗುತ್ತವೆ. ಅವನು ಬಾಗಿಲೆಳೆದುಕೊಂಡ ಮೇಲೆ ಆ ಮನೆಯಲ್ಲಿ ಏನಾಯಿತೆಂದು ನೋಡಲು ತಿರುಗಿ ಬರುವುದಿಲ್ಲ. ಅಪ್‌ಡೈಕ್ ತಿರುಗಿ ಬಂದ. ಓಡುವವನ ಬಾಯಾರಿಕೆ ಸುಳ್ಳಲ್ಲ ಎಂದು ಒಪ್ಪಿಕೊಂಡೇ, ಅದರ ಬೆಲೆಯನ್ನು ತೆತ್ತವರು ಯಾರೆಂದು ಒಬ್ಬೊಬ್ಬರನ್ನಾಗಿ ತೋರಿಸಿದ. ಇಪ್ಪತ್ತನೆಯ ಶತಮಾನದ ಅಮೆರಿಕನ್ ಕಾದಂಬರಿಗಳ ಮುಂಚೂಣಿಯಲ್ಲಿ ಇದಕ್ಕೆ ಸ್ಥಾನ ಸಿಕ್ಕಿರುವುದಕ್ಕೆ ಅದರ ಹೊಳೆಯುವ ಗದ್ಯದಷ್ಟೇ ಈ ನ್ಯಾಯಬುದ್ಧಿಯೂ ಕಾರಣ.

ಹಿನ್ನೆಲೆ

ಅಪ್‌ಡೈಕ್ ಹುಟ್ಟಿದ್ದು ಪೆನ್ಸಿಲ್ವೇನಿಯ ರಾಜ್ಯದ ರೆಡಿಂಗ್ ನಗರದಲ್ಲಿ, ಬೆಳೆದದ್ದು ಅದರ ಪಕ್ಕದ ಶಿಲ್ಲಿಂಗ್ಟನ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿಯ ಹೈಸ್ಕೂಲಿನ ಗಣಿತದ ಮೇಷ್ಟ್ರು. ಶಾಲಾ ತಂಡದ ಆಟಗಾರರನ್ನು ಇಡೀ ಊರು ಹೇಗೆ ತಲೆಯ ಮೇಲೆ ಹೊತ್ತು ಮೆರೆಸುತ್ತದೆ, ಶಾಲೆ ಮುಗಿದದ್ದೇ ಹೇಗೆ ಮರೆತುಬಿಡುತ್ತದೆ ಎಂಬುದನ್ನು ಮೇಷ್ಟ್ರ ಮಗನಾಗಿ ಆತ ಹತ್ತಿರದಿಂದ ಕಂಡಿದ್ದ. ಹಾರ್ವರ್ಡ್‌ನಲ್ಲಿ ಓದಿ 1954ರಲ್ಲಿ ಪದವಿ ಪಡೆದು, ಆಕ್ಸ್‌ಫರ್ಡಿನಲ್ಲಿ ಚಿತ್ರಕಲೆ ಕಲಿತು, 1955ರಿಂದ ಎರಡು ವರ್ಷ ‘ದ ನ್ಯೂಯಾರ್ಕರ್’ ಪತ್ರಿಕೆಯ ಕಚೇರಿಯಲ್ಲಿ ಕೆಲಸ ಮಾಡಿ, 1957ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಇಪ್ಸ್‌ವಿಚ್‌ಗೆ ಮನೆ ಬದಲಾಯಿಸಿದ. ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕ 1959ರಲ್ಲಿ ಈ ಕಾದಂಬರಿಯನ್ನು ಬರೆದ. ಆಗ ಅವನಿಗೂ ಹೆಚ್ಚುಕಡಿಮೆ ನಾಯಕನಷ್ಟೇ ವಯಸ್ಸು. ಮನೆ ತುಂಬ ಎಳೆಯ ಮಕ್ಕಳು.

ವಸ್ತು ಅವನಿಗೆ ಹೊಸದಾಗಿರಲಿಲ್ಲ. ‘ಏಸ್ ಇನ್ ದ ಹೋಲ್’ ಎಂಬ ಸಣ್ಣಕಥೆಯಲ್ಲೂ ‘ಎಕ್ಸ್-ಬಾಸ್ಕೆಟ್‌ಬಾಲ್ ಪ್ಲೇಯರ್’ ಎಂಬ ಕವಿತೆಯಲ್ಲೂ ಇಂಥದೇ ಮಾಜಿ ಆಟಗಾರರು ಮೊದಲೇ ಬಂದಿದ್ದರು. ಬೇರೊಂದು ಕಿಡಿ ಹೊರಗಿನಿಂದ ಹಾರಿತು. 1957ರಲ್ಲಿ ಜ್ಯಾಕ್ ಕೆರುವ್ಯಾಕ್‌ನ ‘ಆನ್ ದ ರೋಡ್’ ಪ್ರಕಟವಾಗಿ, ಎಲ್ಲವನ್ನೂ ಬಿಟ್ಟು ಹೆದ್ದಾರಿ ಹಿಡಿಯುವುದು ಒಂದು ತಲೆಮಾರಿನ ಕನಸಾಗಿತ್ತು. ಆ ಪುಸ್ತಕವನ್ನು ಓದದಿದ್ದರೂ ಅದು ಸಾರುವಂತಿದ್ದ ಕಟ್ಟು ಹರಿದುಕೊಳ್ಳುವ ಉಪದೇಶ ತನಗೆ ಸರಿಬರಲಿಲ್ಲವೆಂದೂ, ಸಂಸಾರಸ್ಥನೊಬ್ಬ ನಿಜಕ್ಕೂ ಹಾಗೆ ಹೊರಟರೆ ಹಿಂದೆ ಉಳಿದವರಿಗೆ ಪೆಟ್ಟು ಬೀಳುತ್ತದೆಂಬುದನ್ನು ತೋರಿಸುವುದು ತನ್ನ ಉದ್ದೇಶವಾಗಿತ್ತೆಂದೂ ಅಪ್‌ಡೈಕ್ ಮುಂದೆ ಹೇಳಿಕೊಂಡಿದ್ದಾನೆ. ಹಾಗೆಂದು ಕಾದಂಬರಿಯನ್ನು ಖಂಡನಗ್ರಂಥವೆಂದು ಓದಿದರೆ ಅರ್ಧ ಮಾತ್ರ ಕೈಗೆ ಬರುತ್ತದೆ. ಓಡುವ ಹ್ಯಾರಿಯ ಮೈಯಲ್ಲಿ ಏಳುವ ಹಗುರತನವನ್ನು ಅಪ್‌ಡೈಕ್ ಎಷ್ಟು ಪ್ರೀತಿಯಿಂದ ಬರೆದಿದ್ದಾನೆಂದರೆ, ಓದುಗ ತನಗರಿವಿಲ್ಲದೆ ಅವನ ಜೊತೆ ಓಡತೊಡಗುತ್ತಾನೆ.

ಕಥೆ ನಡೆಯುವ ಬ್ರೂಅರ್ ನಗರ ಮತ್ತು ಅದಕ್ಕೆ ಅಂಟಿದ ಮೌಂಟ್ ಜಡ್ಜ್ ಎಂಬ ಊರು ಕಲ್ಪಿತ. ಆದರೆ ಕೆಂಪು ಇಟ್ಟಿಗೆಯ ಮನೆಸಾಲುಗಳು, ನೆತ್ತಿಯ ಮೇಲೆ ಹೋಟೆಲಿರುವ ಗುಡ್ಡ, ಮುಪ್ಪಾಗುತ್ತಿರುವ ಕೈಗಾರಿಕೆ ಎಲ್ಲವೂ ರೆಡಿಂಗ್ ಮತ್ತು ಅದರ ಸುತ್ತಲಿನವೇ. ಜರ್ಮನ್ ಮೂಲದ ಪ್ರಾಟೆಸ್ಟಂಟರು ಬೇರೂರಿದ ಸೀಮೆ ಅದು. ದುಡಿಮೆ, ಚರ್ಚು, ನೆರೆಯವರ ಬಾಯಿ, ಈ ಮೂರರ ನಡುವೆ ಅಲ್ಲಿ ಒಬ್ಬ ಮನುಷ್ಯನ ಬದುಕು ಸಾಗುತ್ತದೆ.

ಕಥೆ

ಓಣಿಯ ಕಂಬವೊಂದಕ್ಕೆ ಬಡಿದ ಹಲಗೆಯ ಕೆಳಗೆ ಹುಡುಗರು ಬಾಸ್ಕೆಟ್‌ಬಾಲ್ ಆಡುತ್ತಿದ್ದಾರೆ. ಕೆಲಸ ಮುಗಿಸಿ ಮನೆಗೆ ಹೊರಟ ಸೂಟುಧಾರಿ ಹ್ಯಾರಿ ನಿಂತು ನೋಡುತ್ತಾನೆ, ಕೇಳದೆಯೇ ಆಟಕ್ಕಿಳಿಯುತ್ತಾನೆ. ಕೈ ಹಳೆಯದನ್ನು ಮರೆತಿಲ್ಲ. ಆ ಹುರುಪಿನಲ್ಲೇ ಮನೆಗೆ ಬಂದರೆ ಹೆಂಡತಿ ಜ್ಯಾನಿಸ್ ಕುಡಿಯುತ್ತ ಟಿ.ವಿ.ಯಲ್ಲಿ ಮಕ್ಕಳ ಕಾರ್ಯಕ್ರಮ ನೋಡುತ್ತಿದ್ದಾಳೆ. ಅವಳು ಬಸುರಿ. ಕಾರು ಅವಳ ತವರಿನಲ್ಲಿದೆ, ಮಗ ನೆಲ್ಸನ್ ಹ್ಯಾರಿಯ ತಾಯಿಯ ಮನೆಯಲ್ಲಿದ್ದಾನೆ. ಎರಡನ್ನೂ ಕರೆತರಬೇಕು, ಬರುವಾಗ ಸಿಗರೇಟು ತರಬೇಕು. ಜಗಳವೆಂದು ಹೇಳುವಂಥ ಜಗಳವೇನೂ ನಡೆಯುವುದಿಲ್ಲ. ಹೊರಟವನು ತಾಯಿಯ ಮನೆಯ ಕಿಟಕಿಯಲ್ಲಿ ಇಣುಕಿ, ತನ್ನ ಮಗನಿಗೆ ಊಟ ಮಾಡಿಸುತ್ತಿರುವುದನ್ನು ನೋಡುತ್ತಾನೆ. ಆ ಮೇಜಿನ ಸುತ್ತ ಕೂತವರೆಲ್ಲ ತನ್ನವರು. ಅಲ್ಲಿ ತನ್ನ ಅಗತ್ಯವಿಲ್ಲ ಎನ್ನಿಸುತ್ತದೆ. ಒಳಗೆ ಹೋಗದೆ ಕಾರನ್ನು ತೆಗೆದುಕೊಂಡು ದಕ್ಷಿಣಕ್ಕೆ, ಬೆಚ್ಚಗಿನ ಸಮುದ್ರತೀರದ ಕನಸು ಹೊತ್ತು ಹೊರಡುತ್ತಾನೆ.

ಆ ರಾತ್ರಿಯ ಪ್ರಯಾಣ ಕಾದಂಬರಿಯ ಅತ್ಯಂತ ಪ್ರಸಿದ್ಧ ಭಾಗಗಳಲ್ಲೊಂದು. ಪೆಟ್ರೋಲ್ ಬಂಕಿನ ಮುದುಕ, ಎಲ್ಲಿಗೆಂದು ಗೊತ್ತುಮಾಡಿಕೊಳ್ಳದೆ ಹೊರಟವನು ಎಲ್ಲಿಗೂ ತಲುಪಲಾರನೆಂಬ ಅರ್ಥದ ಬುದ್ಧಿಮಾತು ಹೇಳುತ್ತಾನೆ, ಹ್ಯಾರಿ ಒಪ್ಪುವುದಿಲ್ಲ. ಕಾರಿನ ರೇಡಿಯೋದಲ್ಲಿ ಹಾಡು, ಜಾಹೀರಾತು, ನಡುನಡುವೆ ಸುದ್ದಿ. 1959ರ ಮಾರ್ಚ್ 20, ಶುಕ್ರವಾರ. ಮೂರು ದಿನದ ಹಿಂದಷ್ಟೇ ದಲೈ ಲಾಮಾ ಲ್ಹಾಸಾ ಬಿಟ್ಟಿದ್ದರು. ಅವರೆಲ್ಲಿದ್ದಾರೆಂಬ ಪ್ರಶ್ನೆ ರೇಡಿಯೋದಲ್ಲಿ ಕೇಳಿಬರುತ್ತದೆ. ಬೈಲಕುಪ್ಪೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಎಡೆ ಬೇರೆಯೇ ಆಗಿ ತಟ್ಟೀತು. ಆ ಪಲಾಯನದ ಬೆನ್ನಿಗೆ ಬಂದ ಸಾವಿರಾರು ಟಿಬೆಟನ್ನರು 1960ರ ದಶಕದ ಮೊದಲಲ್ಲಿ ಮೈಸೂರು ಜಿಲ್ಲೆಯಲ್ಲಿ ಕಾಡು ಕಡಿದು ನೆಲೆ ಕಟ್ಟಿಕೊಂಡರು. ಬೇರೆ ದಾರಿಯೇ ಇಲ್ಲದೆ ನಾಡು ಬಿಟ್ಟ ಜನರ ಸುದ್ದಿ, ಯಾರೂ ಅಟ್ಟದಿದ್ದರೂ ಮನೆ ಬಿಟ್ಟವನ ಕಾರಿನಲ್ಲಿ ಬಿತ್ತರವಾಗುತ್ತಿದೆ. ಅಪ್‌ಡೈಕ್ ಆ ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾನೆ.

ವೆಸ್ಟ್ ವರ್ಜೀನಿಯ ಮುಟ್ಟುವ ಹೊತ್ತಿಗೆ ದಾರಿ ಕೈತಪ್ಪಿದೆ. ನಕಾಶೆಯಲ್ಲಿ ಹೆಣೆದುಕೊಂಡ ಗೆರೆಗಳು ಹ್ಯಾರಿಗೆ ಬಲೆಯಂತೆ ಕಾಣುತ್ತವೆ. ಅದನ್ನು ಹರಿದು ಕಿಟಕಿಯಾಚೆ ಎಸೆದು ಕಾರು ತಿರುಗಿಸುತ್ತಾನೆ. ಬೆಳಗಾಗುವಾಗ ಮತ್ತೆ ಬ್ರೂಅರ್‌ನಲ್ಲಿದ್ದಾನೆ. ಮನೆಗೆ ಮಾತ್ರ ಹೋಗುವುದಿಲ್ಲ. ಹಳೆಯ ಕೋಚ್ ಮಾರ್ಟಿ ಟೊಥೆರೊನ ಆಶ್ರಯ ಪಡೆಯುತ್ತಾನೆ. ಆತ ಪರಿಚಯಿಸಿದ ರೂತ್ ಲೆನರ್ಡ್ ಎಂಬ ಹೆಂಗಸಿಗೆ ಮೊದಲ ರಾತ್ರಿ ಹಣ ಕೊಟ್ಟು, ಆಮೇಲೆ ಅವಳ ಮನೆಯಲ್ಲೇ ಉಳಿದುಬಿಡುತ್ತಾನೆ. ಗರ್ಭನಿರೋಧಕ ಬಳಸಕೂಡದೆಂದು ಆ ರಾತ್ರಿ ಹ್ಯಾರಿ ಹಿಡಿಯುವ ಹಠಕ್ಕೆ ಮುಂದೆ ಬೆಲೆ ತೆರುವವಳು ರೂತ್.

ಕಳೆದ ಅಳಿಯನನ್ನು ಹುಡುಕಿ ತರುವ ಕೆಲಸ ಹ್ಯಾರಿಯ ಮಾವನ ಮನೆಯವರ ಎಪಿಸ್ಕೋಪಲ್ ಚರ್ಚಿನ ಯುವ ಪಾದ್ರಿ ಜ್ಯಾಕ್ ಎಕ್ಲಿಸ್‌ನ ಹೆಗಲಿಗೆ ಬೀಳುತ್ತದೆ. ಅವನು ಗದರಿಸುವುದಿಲ್ಲ, ಗಾಲ್ಫ್ ಆಡಲು ಕರೆಯುತ್ತಾನೆ, ಶ್ರೀಮಂತ ವಿಧವೆಯೊಬ್ಬಳ ತೋಟದಲ್ಲಿ ಕೆಲಸ ಕೊಡಿಸುತ್ತಾನೆ. ರೊಡೊಡೆಂಡ್ರನ್ ಹೂಬಿಟ್ಟ ಆ ತೋಟದ ದಿನಗಳು ಕಾದಂಬರಿಯ ನೆಮ್ಮದಿಯ ಹೊತ್ತು. ಜೂನ್‌ನಲ್ಲಿ ಜ್ಯಾನಿಸ್‌ಗೆ ಹೆರಿಗೆನೋವು ಬಂದ ಸುದ್ದಿ ತಿಳಿದಾಗ ಹ್ಯಾರಿ, ಆ ರಾತ್ರಿಯೇ ತಾನು ಕೀಳಾಗಿ ನಡೆಸಿಕೊಂಡ ರೂತ್‌ಳನ್ನು ಹಾಗೆಯೇ ಬಿಟ್ಟು ಆಸ್ಪತ್ರೆಗೆ ಓಡುತ್ತಾನೆ. ಹೆಣ್ಣುಮಗು ಹುಟ್ಟುತ್ತದೆ. ರೆಬೆಕಾ ಜೂನ್ ಎಂದು ಹೆಸರಿಡುತ್ತಾರೆ. ಮಾವ ತನ್ನ ಹಳೆ ಕಾರುಗಳ ವ್ಯಾಪಾರದಲ್ಲಿ ಕೆಲಸ ಕೊಡಲು ಒಪ್ಪುತ್ತಾನೆ. ಮುರಿದದ್ದು ಕೂಡಿಕೊಂಡಿತು ಎಂಬ ಹೊತ್ತಿಗೆ, ಬಾಣಂತಿ ಹೆಂಡತಿ ಮೈಮುಟ್ಟಗೊಡಲಿಲ್ಲವೆಂಬ ಸಿಟ್ಟಿನಲ್ಲಿ ಹ್ಯಾರಿ ಒಂದು ರಾತ್ರಿ ಮತ್ತೆ ಹೊರಟುಹೋಗುತ್ತಾನೆ.

ಅಲ್ಲಿಂದ ಕಥೆ ಅವನನ್ನು ಬಿಟ್ಟು ಜ್ಯಾನಿಸ್‌ಳ ಪಕ್ಕ ಕೂರುತ್ತದೆ. ಒಬ್ಬಳೇ, ಭಯ, ಒಂದು ಲೋಟ ವಿಸ್ಕಿ, ಇನ್ನೊಂದು. ಗಂಡ ಮತ್ತೆ ಬಿಟ್ಟುಹೋದನೆಂದು ಒಪ್ಪಿಕೊಳ್ಳುವ ನಾಚಿಕೆ. ತಾಯಿ ಫೋನ್ ಮಾಡಿ ಈಗಲೇ ಬರುತ್ತೇನೆನ್ನುತ್ತಾಳೆ. ಮನೆ ಹರಡಿಕೊಂಡಿದೆ, ಮಗು ಹೊಲಸು ಮಾಡಿಕೊಂಡಿದೆ. ಅಮ್ಮ ಬರುವಷ್ಟರಲ್ಲಿ ಎಲ್ಲವನ್ನೂ ಚೊಕ್ಕಟವಾಗಿಸಬೇಕೆಂಬ ಅವಸರದಲ್ಲಿ ತೊಟ್ಟಿಗೆ ನೀರು ಬಿಟ್ಟು ಕೂಸನ್ನು ಇಳಿಸುತ್ತಾಳೆ. ಅಮಲಿನ ಕೈಯಿಂದ ಕೂಸು ಜಾರಿ ಮುಳುಗುತ್ತದೆ. ಈ ಪುಟಗಳಲ್ಲಿ ಅಪ್‌ಡೈಕ್ ಒಂದು ಕಡೆಯೂ ದನಿ ಎತ್ತುವುದಿಲ್ಲ. ಪ್ರತಿಯೊಂದು ಸಣ್ಣ ಕೆಲಸವೂ ಜ್ಯಾನಿಸ್‌ಗೆ ತಕ್ಕದ್ದೆಂದೇ ತೋರುತ್ತದೆ. ಆ ಸಣ್ಣ ಕೆಲಸಗಳು ಒಂದರ ಹಿಂದೊಂದು ಸೇರಿ ಸಾವಿನಲ್ಲಿ ನಿಲ್ಲುತ್ತವೆ. ಅಮೆರಿಕನ್ ಕಥನಸಾಹಿತ್ಯದಲ್ಲಿ ಇಷ್ಟು ನೋವಿನ, ಇಷ್ಟು ಪ್ರಾಮಾಣಿಕ ದೃಶ್ಯಗಳು ಬೆರಳೆಣಿಕೆಯವು.

ಸುದ್ದಿ ತಿಳಿದು ಬಂದ ಹ್ಯಾರಿ ಖಾಲಿ ಮನೆಯಲ್ಲಿ ಇನ್ನೂ ತುಂಬಿಯೇ ಇರುವ ತೊಟ್ಟಿಯನ್ನು ಕಾಣುತ್ತಾನೆ. ರಬ್ಬರಿನ ಬಿರಡೆಯನ್ನೆತ್ತಿ ನೀರು ಬಿಡುತ್ತಾನೆ. ಇಷ್ಟು ಸುಲಭದ ಕೆಲಸವನ್ನು ಸರ್ವಶಕ್ತನಾದ ದೇವರು ಮಾಡಲಿಲ್ಲವಲ್ಲ ಎಂಬ ಯೋಚನೆ ಅವನನ್ನು ಹಾದುಹೋಗುತ್ತದೆ. ಕಾದಂಬರಿಯ ಧಾರ್ಮಿಕ ಚರ್ಚೆಯೆಲ್ಲ ಆ ಒಂದು ಬಿರಡೆಯಲ್ಲಿದೆ. ಸ್ಮಶಾನದಲ್ಲಿ ಶವಸಂಸ್ಕಾರದ ನಡುವೆ, ಕೂಸನ್ನು ಕೊಂದವನು ತಾನಲ್ಲವೆಂದು ಎಲ್ಲರೆದುರು ಹೇಳಿ, ದುಃಖದಲ್ಲಿ ನಿಂತ ಹೆಂಡತಿಯತ್ತ ಬೊಟ್ಟು ತಿರುಗುವಂತೆ ಮಾಡಿ, ಗುಡ್ಡದ ಕಾಡಿನೊಳಕ್ಕೆ ಓಡುತ್ತಾನೆ. ಕೊನೆಗೆ ರೂತ್‌ಳ ಬಳಿಗೆ ಬಂದರೆ ಅವಳೂ ಬಸುರಿ. ಹೆಂಡತಿಗೆ ವಿಚ್ಛೇದನ ಕೊಟ್ಟು ತನ್ನನ್ನು ಮದುವೆಯಾಗು, ಇಲ್ಲವಾದರೆ ನೀನೂ ಬೇಡ ಈ ಮಗುವೂ ಬೇಡ ಎಂದು ನಿಷ್ಠುರವಾಗಿ ನುಡಿಯುತ್ತಾಳೆ. ತಿನ್ನಲು ಏನಾದರೂ ತರುತ್ತೇನೆಂದು ಮೆಟ್ಟಿಲಿಳಿದವನು ಬೀದಿಯಲ್ಲಿ ಹೆಜ್ಜೆ ಬಿರುಸಾಗಿಸುತ್ತ ಓಡತೊಡಗುತ್ತಾನೆ. ಕಾದಂಬರಿ ಆ ಓಟದಲ್ಲೇ ನಿಲ್ಲುತ್ತದೆ.

ವರ್ತಮಾನದಲ್ಲಿ ಹೇಳಿದ ಕಥೆ

ಇಡೀ ಕಾದಂಬರಿ ವರ್ತಮಾನಕಾಲದ ಕ್ರಿಯಾಪದಗಳಲ್ಲಿದೆ. ಇಂದು ಅದು ಎಲ್ಲೆಡೆ ಕಾಣುವ ರೂಢಿ; 1960ರ ಇಂಗ್ಲಿಷ್ ಕಾದಂಬರಿಗೆ ಅಪರೂಪ. ಜಾಯ್ಸ್ ಕ್ಯಾರಿಯ ‘ಮಿಸ್ಟರ್ ಜಾನ್ಸನ್’ (1939) ತನಗೆ ದಾರಿ ತೋರಿಸಿತೆಂದು ಅಪ್‌ಡೈಕ್ ಸ್ಮರಿಸಿದ್ದಾನೆ. ಕಾದಂಬರಿಗೆ ಸಿನಿಮಾ ಎಂಬರ್ಥದ ಉಪಶೀರ್ಷಿಕೆ ಕೊಡುವ ಯೋಚನೆಯೂ ಅವನಿಗಿತ್ತು. ಹುಡುಗರು ಚೆಂಡಾಡುವ ಮೊದಲ ದೃಶ್ಯವನ್ನು, ತೆರೆಯ ಮೇಲೆ ಹೆಸರುಗಳು ಮೂಡುವಾಗ ಕಾಣಿಸುವ ಚಿತ್ರದಂತೆ ಕಲ್ಪಿಸಿಕೊಂಡಿದ್ದ.

ಇದು ಬರಿಯ ತಂತ್ರದ ಆಯ್ಕೆಯಲ್ಲ. ಹ್ಯಾರಿ ಈ ಕ್ಷಣದಲ್ಲಿ ಬದುಕುವವನು. ನೆನ್ನೆ ಕೊಟ್ಟ ಮಾತು, ನಾಳೆ ಹುಟ್ಟುವ ಮಗು ಎರಡೂ ಅವನ ಅನುಭವದ ಹೊರಗಿವೆ. ಅಂಕಣದಲ್ಲಿ ಚೆಂಡು ಹಿಡಿದ ಆಟಗಾರನಿಗೆ ಇದೇ ಗುಣ ವರವಾಗಿತ್ತು. ಗಂಡನಿಗೆ, ತಂದೆಗೆ ಅದು ಶಾಪ. ‘ಆಗಿತ್ತು’ ಎಂಬ ಕ್ರಿಯಾಪದವೇ ಇಲ್ಲದ ಭಾಷೆಯಲ್ಲಿ ಪಶ್ಚಾತ್ತಾಪಕ್ಕೆ ಜಾಗ ಸಿಗುವುದು ಕಷ್ಟ. ಅದೇ ವರ್ತಮಾನಕಾಲ ಜ್ಯಾನಿಸ್‌ಳ ಅಧ್ಯಾಯಕ್ಕೆ ಬಂದಾಗ ಮಾತ್ರ ಉಸಿರುಗಟ್ಟಿಸುತ್ತದೆ. ಹ್ಯಾರಿಗೆ ಹಾರಲು ರೆಕ್ಕೆಯಾದ ಕಾಲ, ಅವಳಿಗೆ ಮುಂದಿನ ನಿಮಿಷದಲ್ಲಿ ಏನಾಗುವುದೆಂದು ಕಾಣಗೊಡದ ಕುರುಡು.

ಗದ್ಯದ ಇನ್ನೊಂದು ಬಲ, ಬಳಕೆಯ ವಸ್ತುಗಳ ಮೇಲಿನ ಅಕ್ಕರೆ. ಚಿತ್ರಕಲೆ ಕಲಿತವನ ಕಣ್ಣು ಅದು. ಚೆಲ್ಲಾಪಿಲ್ಲಿ ಬಿದ್ದ ಆಟಿಕೆ, ತುಂಬಿದ ಬೂದಿಬಟ್ಟಲು, ಬೀದಿದೀಪದ ಬೆಳಕು ಬಿದ್ದ ಹೆಂಚು, ಗಾಲ್ಫ್ ಚೆಂಡು ಮುಗಿಲಿಗೆ ಬಿದ್ದ ಬಿಳಿ ಚುಕ್ಕೆಯಾಗುವ ಗಳಿಗೆ ಎಲ್ಲಕ್ಕೂ ಒಂದೇ ಶ್ರದ್ಧೆ. ಐಸನ್‌ಹೋವರ್ ಕಾಲದ ಅಮೆರಿಕದಲ್ಲಿ ಬೇಗ ಮದುವೆ, ಬೇಗ ಮಕ್ಕಳು, ಮನೆಗೊಂದು ಟಿ.ವಿ., ಕಂತಿನ ಸಾಲ ಮಾಮೂಲಿಯಾಗಿದ್ದವು. ಆ ಕಾಲದ ಕೆಳಮಧ್ಯಮವರ್ಗದ ಮನೆ ಹೇಗಿತ್ತೆಂದು ತಿಳಿಯಲು ಸಮಾಜಶಾಸ್ತ್ರದ ಪುಸ್ತಕಗಳಿಗಿಂತ ಈ ಕಾದಂಬರಿ ಹೆಚ್ಚು ನೆರವಾಗುತ್ತದೆ.

ಪಾದ್ರಿ ಎಕ್ಲಿಸ್ ಮತ್ತು ನಂಬಿಕೆಯ ಪ್ರಶ್ನೆ

ಕಾಣುವ ಲೋಕದ ಹಿಂದೆ ಯಾವುದೋ ಒಂದಿದೆ, ತಾನದನ್ನು ಹುಡುಕಿ ಬರಲಿ ಎಂದು ಅದು ಕಾದಿದೆ. ಹ್ಯಾರಿ ಎಕ್ಲಿಸ್‌ಗೆ ಇದನ್ನು ವಿವರಿಸಲು ಒದ್ದಾಡುತ್ತಾನೆ. ಗಾಲ್ಫ್ ಅಂಕಣದಲ್ಲಿ ಅವನ ಹೊಡೆತವೊಂದು ಅಪೂರ್ವವಾಗಿ ಕೂಡಿಬಂದಾಗ, ತಾನು ಹೇಳುತ್ತಿದ್ದದ್ದು ಇದನ್ನೇ ಎಂದು ಕೂಗಿಕೊಳ್ಳುತ್ತಾನೆ. ತಮಾಷೆಯೆಂದರೆ, ದೇವರಿದ್ದಾನೆಂದು ನಿಜವಾಗಿ ನಂಬುವವನು ಸಂಸಾರ ಬಿಟ್ಟ ಹ್ಯಾರಿ. ಸಂಸಾರಗಳನ್ನು ಹೊಲಿದು ಜೋಡಿಸಲು ಹೆಣಗುವ ಪಾದ್ರಿಗೇ ನಂಬಿಕೆ ಗಟ್ಟಿಯಿಲ್ಲ. ಲೂಥರನ್ ಪಂಥದ ವೃದ್ಧ ಪಾದ್ರಿ ಕ್ರುಪ್ಪೆನ್‌ಬಾಖ್‌ನ ಬಳಿ ಎಕ್ಲಿಸ್ ಸಲಹೆ ಕೇಳಲು ಹೋಗುವ ಭಾಗದಲ್ಲಿ ಈ ಪ್ರಶ್ನೆ ಸಿಡಿಯುತ್ತದೆ. ಹುಲ್ಲು ಕತ್ತರಿಸುತ್ತಿದ್ದ ಮುದುಕ, ಊರವರ ಮನೆಜಗಳ ಬಿಡಿಸುವುದು ಪಾದ್ರಿಯ ಕೆಲಸವಲ್ಲ, ಮೊದಲು ಮಂಡಿಯೂರಿ ಪ್ರಾರ್ಥಿಸು ಎಂದು ಅವನನ್ನು ಬೈದು ಕಳಿಸುತ್ತಾನೆ.

ಲೂಥರನ್ ಮನೆತನದಲ್ಲಿ ಬೆಳೆದ ಅಪ್‌ಡೈಕ್ ಈ ವರ್ಷಗಳಲ್ಲಿ ಕಿರ್ಕೆಗಾರ್ಡ್ ಮತ್ತು ಕಾರ್ಲ್ ಬಾರ್ತ್‌ರ ಓದಿನಲ್ಲಿ ಮುಳುಗಿದ್ದ. ಕಾದಂಬರಿಯ ಮುಖವಾಕ್ಯವನ್ನು ಪಾಸ್ಕಲ್‌ನಿಂದ ಆರಿಸಿದ. ಮುದಿ ಪಾದ್ರಿಯ ಕಾಠಿಣ್ಯದ ಕಡೆಗೆ ಲೇಖಕನ ಒಲವಿತ್ತೆಂದು ಅನೇಕ ವಿಮರ್ಶಕರು ಓದುತ್ತಾರೆ. ಆದರೆ ಕಾದಂಬರಿಯೊಳಗೆ ಮಳೆಬಿಸಿಲೆನ್ನದೆ ಮನೆಮನೆ ಅಲೆದವನು, ಜ್ಯಾನಿಸ್‌ಳ ಕಷ್ಟವನ್ನು ಕೂತು ಕೇಳಿದವನು ನಂಬಿಕೆ ಸಡಿಲವಾದ ಎಕ್ಲಿಸ್. ಅವನ ಈ ಪರೋಪಕಾರ ಏನನ್ನೂ ಉಳಿಸಲಾರದೆ ಹೋದರೂ ಅದು ಸಣ್ಣದಾಗುವುದಿಲ್ಲ. ಅವನ ಹೆಂಡತಿ ಲೂಸಿಗೆ ಮಾತ್ರ ಹ್ಯಾರಿಯ ಮೇಲೆ ಗಂಡ ಕಳೆಯುವ ಹೊತ್ತು ತನ್ನ ಮಕ್ಕಳಿಂದ ಕದ್ದದ್ದು. ಬಿಟ್ಟೋಡಿದವನನ್ನು ಹಿಂಬಾಲಿಸುವವನೂ ತನ್ನ ಮನೆಯನ್ನು ಬಿಟ್ಟಿರುತ್ತಾನೆ ಎಂಬ ಈ ಒಳಸುಳಿಯನ್ನು ವಿಮರ್ಶೆ ಇನ್ನಷ್ಟು ಗಮನಿಸಬೇಕಿತ್ತು.

ಸ್ವಾಗತ, ಆಕ್ಷೇಪ

ಕಾಮವನ್ನು ಕುರಿತ ನೇರ ಬರವಣಿಗೆಯಿಂದ ಪ್ರಕಾಶಕರು ಅಳುಕಿದರು. ಅಶ್ಲೀಲತೆಯ ಮೊಕದ್ದಮೆಯ ಭಯದಿಂದ ವಕೀಲರ ಸಲಹೆ ಪಡೆದು ಮೊದಲ ಮುದ್ರಣದಲ್ಲಿ ಕೆಲವು ಭಾಗಗಳನ್ನು ಸೌಮ್ಯಗೊಳಿಸಲಾಯಿತು; ಅಪ್‌ಡೈಕ್ ಕೆಲವೇ ವರ್ಷಗಳಲ್ಲಿ ಪೆಂಗ್ವಿನ್ ಆವೃತ್ತಿಗಾಗಿ ಅವುಗಳನ್ನು ಮರಳಿ ಸೇರಿಸಿ ಪಠ್ಯವನ್ನು ತಿದ್ದಿದ. ಕಾದಂಬರಿ ಬಂದ ಅದೇ ನವೆಂಬರಿನಲ್ಲಿ ಲಂಡನ್ನಿನ ನ್ಯಾಯಾಲಯವೊಂದು ‘ಲೇಡಿ ಚಾಟರ್ಲೀಸ್ ಲವರ್’ ಮೊಕದ್ದಮೆಯಲ್ಲಿ ಪ್ರಕಾಶಕರನ್ನು ನಿರ್ದೋಷಿಗಳೆಂದು ಬಿಟ್ಟಿತು. ಗಾಳಿ ಬದಲಾಗುತ್ತಿದ್ದ ಕಾಲ ಅದು.

ಸ್ತ್ರೀವಾದಿ ವಿಮರ್ಶೆ ಎತ್ತಿದ ಆಕ್ಷೇಪ ಹೆಚ್ಚು ಆಳದ್ದು. ಹೆಣ್ಣನ್ನು ಮೈಯಾಗಿ ನೋಡುವ ಹ್ಯಾರಿಯ ದೃಷ್ಟಿಗೂ ಕಾದಂಬರಿಯ ದೃಷ್ಟಿಗೂ ನಡುವೆ ಅಂತರವಿದೆಯೇ ಎಂಬುದು ಅದರ ಪ್ರಶ್ನೆ. ಹಲವು ಪುಟಗಳಲ್ಲಿ ಆ ಅಂತರ ಕಾಣುವುದಿಲ್ಲ ಎಂಬುದನ್ನು ಒಪ್ಪಬೇಕು. ಹೆಂಗಸರ ಅಂಗಾಂಗಗಳನ್ನು ಬಣ್ಣಿಸುವಾಗ ಲೇಖಕನ ಉತ್ಸಾಹ ನಾಯಕನದನ್ನೂ ಮೀರುತ್ತದೆ. ಆದರೆ ಇದೇ ಲೇಖಕ ರೂತ್‌ಳ ತಲೆಯೊಳಗಿನ ಮಾತಿಗೆ ಉದ್ದನೆಯ ಭಾಗವೊಂದನ್ನು ಬಿಟ್ಟುಕೊಟ್ಟಿದ್ದಾನೆ, ಜ್ಯಾನಿಸ್‌ಗೆ ಕಾದಂಬರಿಯ ತಿರುಳನ್ನೇ ಒಪ್ಪಿಸಿದ್ದಾನೆ. ಹ್ಯಾರಿಯನ್ನು ಊರವರು ಕ್ಷಮಿಸಿದಷ್ಟು ಸಲೀಸಾಗಿ ಓದುಗ ಕ್ಷಮಿಸಲಾರದಂತೆ ಮಾಡುವುದು ಆ ಇಬ್ಬರು ಹೆಂಗಸರೇ.

ಅಪ್‌ಡೈಕ್ ಜೀವನವಿಡೀ ಪುಸ್ತಕವಿಮರ್ಶೆಯನ್ನೂ ಬರೆದವನು. ಮೈಸೂರಿನ ಆರ್.ಕೆ. ನಾರಾಯಣ್‌ರ ಕೃತಿಗಳ ಕುರಿತು ‘ದ ನ್ಯೂಯಾರ್ಕರ್’ನಲ್ಲಿ ಮೆಚ್ಚಿ ಬರೆದಿದ್ದಾನೆ. ಒಂದು ಸಣ್ಣ ಊರನ್ನು ಕಟ್ಟಿಕೊಂಡು, ಅದರಾಚೆಗೆ ಕೈಚಾಚದೆ ಮನುಷ್ಯಸ್ವಭಾವವನ್ನೆಲ್ಲ ಅಲ್ಲೇ ಕಾಣುವ ಕಲೆಯಲ್ಲಿ ಮಾಲ್ಗುಡಿಗೂ ಬ್ರೂಅರ್‌ಗೂ ನಂಟಿದೆ.

1970ರಲ್ಲಿ ಜ್ಯಾಕ್ ಸ್ಮೈಟ್ ನಿರ್ದೇಶನದಲ್ಲಿ ಕಾದಂಬರಿ ಚಲನಚಿತ್ರವಾಯಿತು. ಜೇಮ್ಸ್ ಕಾನ್ ಹ್ಯಾರಿಯಾಗಿ, ಕ್ಯಾರಿ ಸ್ನಾಡ್‌ಗ್ರೆಸ್ ಜ್ಯಾನಿಸ್‌ಳಾಗಿ ನಟಿಸಿದರು. ಚಿತ್ರ ಗೆಲ್ಲಲಿಲ್ಲ. ಸಿನಿಮಾದಂತೆ ಬರೆದ ಕಾದಂಬರಿಯ ಜೀವ ವಾಕ್ಯಗಳಲ್ಲಿತ್ತು, ಅವು ತೆರೆಗೆ ಬರುವಂಥವಲ್ಲ. 2005ರಲ್ಲಿ ‘ಟೈಮ್’ ಪತ್ರಿಕೆ ಪ್ರಕಟಿಸಿದ ನೂರು ಶ್ರೇಷ್ಠ ಇಂಗ್ಲಿಷ್ ಕಾದಂಬರಿಗಳ ಪಟ್ಟಿಯಲ್ಲಿ ‘ರ‍್ಯಾಬಿಟ್, ರನ್’ ಸೇರಿತ್ತು.

ಮುಂದಿನ ಸಂಪುಟಗಳು

ಅಪ್‌ಡೈಕ್ ಹ್ಯಾರಿಯನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಮತ್ತೆ ಮಾತಾಡಿಸಿದ. ‘ರ‍್ಯಾಬಿಟ್ ರೀಡಕ್ಸ್’ (1971) ವಿಯೆಟ್ನಾಂ ಯುದ್ಧ, ಜನಾಂಗದ್ವೇಷ, ಚಂದ್ರಯಾನಗಳ ಕಾಲದ್ದು. ಈ ಸಲ ಮನೆ ಬಿಟ್ಟುಹೋಗುವವಳು ಜ್ಯಾನಿಸ್. ‘ರ‍್ಯಾಬಿಟ್ ಈಸ್ ರಿಚ್’ (1981) ಹೊತ್ತಿಗೆ ಹ್ಯಾರಿ ಮಾವನ ವ್ಯಾಪಾರಕ್ಕೆ ವಾರಸುದಾರನಾಗಿ ಟೊಯೋಟಾ ಕಾರು ಮಾರುವ ಸ್ಥಿತಿವಂತ. 1979ರ ತೈಲ ಬಿಕ್ಕಟ್ಟು ಅವನಿಗೆ ಲಾಭ ತಂದಿದೆ. ‘ರ‍್ಯಾಬಿಟ್ ಅಟ್ ರೆಸ್ಟ್’ (1990) ಅವನ ಅಂತ್ಯದ ಕಥೆ. ಕೊನೆಯ ಎರಡಕ್ಕೂ ಪುಲಿಟ್ಜರ್ ಬಹುಮಾನ ಬಂತು. ನಾಲ್ಕನ್ನೂ ಕೂಡಿಸಿದ ಸಂಪುಟ ‘ರ‍್ಯಾಬಿಟ್ ಆಂಗ್‌ಸ್ಟ್ರಾಂ’ ಎಂಬ ಹೆಸರಿನಲ್ಲಿ 1995ರಲ್ಲಿ ಹೊರಬಂತು. 1959ರ ಆ ರಾತ್ರಿ ಅರ್ಧಕ್ಕೇ ತಿರುಗಿಸಿದ ಕಾರನ್ನು ಹ್ಯಾರಿ ಐವತ್ತಾರನೆಯ ವಯಸ್ಸಿನಲ್ಲಿ ಮತ್ತೆ ದಕ್ಷಿಣಕ್ಕೆ ಓಡಿಸಿ ಫ್ಲಾರಿಡಾ ಮುಟ್ಟುತ್ತಾನೆ. ಆಗಲೂ ಅದು ಪಲಾಯನವೇ, ಸೊಸೆಯೊಂದಿಗಿನ ತಪ್ಪು ಮನೆಯವರಿಗೆ ತಿಳಿದದ್ದರಿಂದ. ಅಲ್ಲಿ ಹುಡುಗನೊಬ್ಬನ ಜೊತೆ ಬಾಸ್ಕೆಟ್‌ಬಾಲ್ ಆಡುವಾಗ ಅವನ ಎದೆ ಕೈಕೊಡುತ್ತದೆ.

ರೂತ್ ಆ ಮಗುವನ್ನು ಹೆತ್ತಳೇ ಎಂಬುದನ್ನು ಮೊದಲ ಕಾದಂಬರಿ ಹೇಳದೆ ಬಿಟ್ಟಿತ್ತು. ಮೂರನೆಯ ಕಾದಂಬರಿಯಲ್ಲಿ ಹ್ಯಾರಿಗೆ ಒಬ್ಬ ಯುವತಿಯನ್ನು ಕಂಡು ಗುಮಾನಿ ಏಳುತ್ತದೆ, ರೂತ್ ಒಪ್ಪುವುದಿಲ್ಲ. ಉತ್ತರ ಬಂದದ್ದು ನಾಯಕ ಸತ್ತ ಮೇಲೆ, 2000ದಲ್ಲಿ ‘ಲಿಕ್ಸ್ ಆಫ್ ಲವ್’ ಸಂಕಲನದಲ್ಲಿ ಪ್ರಕಟವಾದ ‘ರ‍್ಯಾಬಿಟ್ ರಿಮೆಂಬರ್ಡ್’ ಎಂಬ ಕಿರುಕಾದಂಬರಿಯಲ್ಲಿ. ರೂತ್‌ಳ ಮಗಳು ಆನಬೆಲ್ ಈಗ ನಡುವಯಸ್ಸಿಗೆ ಬಂದ ನರ್ಸ್. ತಾಯಿಯ ಸಾವಿನ ಬಳಿಕ ಆಂಗ್‌ಸ್ಟ್ರಾಂ ಕುಟುಂಬವನ್ನು ಹುಡುಕಿಕೊಂಡು ಬರುತ್ತಾಳೆ. ಎರಡು ವರ್ಷದ ಕೂಸಾಗಿದ್ದಾಗ ಅಪ್ಪ ಬಿಟ್ಟುಹೋಗಿದ್ದ ನೆಲ್ಸನ್, ಅಕ್ಕರೆಯಿಂದ, ಸ್ವಲ್ಪ ಹಟದಿಂದಲೂ, ಅವಳನ್ನು ತಂಗಿಯೆಂದು ಒಪ್ಪಿಕೊಳ್ಳುತ್ತಾನೆ.